ಹಿಂದಿರುಗಿ ಎಂದರೆ ಹಿಂದಿರುಗುವುದು



ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ನೀವು ಯಾರದೋ ಮನೆಯ ಮುಂದೆ ನಿಂತಿದ್ದೀರಿ. ಹೊರಗೆ ಕೊರೆಯುವ ಚಳಿ. ಒಳಗೆ ತಾಯಿಯೊಬ್ಬಳು ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಾಳೆ. ಬಾಗಿಲಿಗೆ ಚಿಲಕವಿಲ್ಲ. ನೀವು ಕಳ್ಳರಲ್ಲ, ಕೆಡುಕು ಬಯಸಿ ಬಂದವರೂ ಅಲ್ಲ. ಆ ಮನೆಯವರೆಂದರೆ ನಿಮಗೆ ತುಂಬ ಪ್ರೀತಿ. ಅಷ್ಟು ಮಾತ್ರಕ್ಕೆ ಒಳಗೆ ನುಗ್ಗಿ ಅವರ ಹಾಸಿಗೆಯ ಪಕ್ಕದಲ್ಲಿ ನಿಲ್ಲಬಹುದೇ?

ಕೂಡದು ಎಂದು ನೀವು ಥಟ್ಟನೆ ಹೇಳುತ್ತೀರಿ. ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಇದು ಗೊತ್ತು. ಆದರೆ ಆ ಮನೆ ನೀರಿನೊಳಗೆ ಇದ್ದರೆ? ಅಲ್ಲಿ ಮಲಗಿರುವುದು ಮನುಷ್ಯಜೀವಿ ಅಲ್ಲದಿದ್ದರೆ? ಆಗಲೂ ನಮ್ಮ ಉತ್ತರ ಅದೇ ಆಗಿರುತ್ತದೆಯೇ? ಕಳೆದ ಚಳಿಗಾಲದಲ್ಲಿ ಈ ಪ್ರಶ್ನೆ ನನ್ನ ಎದುರಿಗೆ ಬಂತು. ಅದನ್ನು ತಂದವಳು ಹನ್ನೆರಡು ತುಂಬಲಿದ್ದ ಒಬ್ಬ ಬಾಲಕಿ. ಮೊದಲ ಸಲ ನಾನು ಅವಳ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಆಪಾ ಮತ್ತು ಭಾವ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿದ್ದಾರೆ. ಭಾವನ ಉದ್ಯೋಗ ಅಲ್ಲಿ. ಅವರ ಮಗಳು ಒಂದು ದಿನ ಫೋನು ಮಾಡಿ, "ಮಾಮೂ, ನನ್ನ ಹುಟ್ಟಿದ ದಿನಕ್ಕೆ ಅಬ್ಬಾ ಕ್ರಿಸ್ಟಲ್ ರಿವರ್‌ಗೆ ಕರೆದುಕೊಂಡು ಹೋಗ್ತಾರಂತೆ. ಅಲ್ಲಿ ಮ್ಯಾನಟಿಗಳ ಜೊತೆ ಈಜಬಹುದು. ಹೋಗಲಾ?" ಎಂದು ಕೇಳಿದಳು. ಅಂದು ನಾನು ಶಾಲೆಯ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತಿದ್ದೆ. "ಹುಟ್ಟುಹಬ್ಬವೆಲ್ಲ ನಮ್ಮ ಪದ್ಧತಿಯಲ್ಲ ಮಗಳೇ" ಎಂದು ಹೇಳಿ ಮಾತು ಮುಗಿಸಿದೆ. "ಸರಿ ಮಾಮೂ" ಎಂದಳು. ಆ ಮೇಲೆ ಒಂದು ವಾರ ಅವಳ ಫೋನು ಬರಲಿಲ್ಲ.

ವಾರದ ನಂತರ ಆಪಾ ಹೇಳಿದಳು: "ಅವಳು ನಿನ್ನಲ್ಲಿ ಕೇಕಿನ ವಿಷಯ ಕೇಳಿದ್ದಲ್ಲ. ಆ ಪ್ರಾಣಿಗಳಿಗೆ ಇದು ಇಷ್ಟವಾಗ್ತದಾ ಇಲ್ಲವಾ ಅಂತ ಅವಳಿಗೆ ಚಿಂತೆ. ಅದನ್ನು ಕೇಳೋಣ ಅಂದರೆ ನೀನು ಅಷ್ಟರಲ್ಲಿ ಫತ್ವಾ ಕೊಟ್ಟುಬಿಟ್ಟೆ."

ನಾನು ಮುಫ್ತಿಯಲ್ಲ, ಪಾಠ ಹೇಳುವ ಮಾಸ್ತರ. ಹುಟ್ಟಿದ ದಿನವನ್ನು ಆಚರಿಸುವ ಬಗ್ಗೆ ವಿದ್ವಾಂಸರು ಹೇಳಬೇಕಾದುದನ್ನು ಹೇಳಿದ್ದಾರೆ. ಅದನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವುದಿಲ್ಲ. ಆದರೆ ಒಂದು ಮಗು ಬೇರೊಂದು ಜೀವಿಯ ಸುಖದುಃಖವನ್ನು ಯೋಚಿಸಿ ಪ್ರಶ್ನೆ ಕೇಳಿದಾಗ, ಅದಕ್ಕೆ ಬೇರೆ ಪ್ರಶ್ನೆಯ ಉತ್ತರ ಕೊಟ್ಟು ಬಾಯಿ ಮುಚ್ಚಿಸುವುದು ಎಂಥ ಶಿಕ್ಷಣ? ನನಗೆ ನಾಚಿಕೆಯಾಯಿತು. ಆ ಪ್ರಾಣಿಯ ಬಗ್ಗೆ ಸಿಕ್ಕಿದ್ದನ್ನು ಓದತೊಡಗಿದೆ.

ಮ್ಯಾನಟಿ ಎಂಬುದು ಮೀನಲ್ಲ. ಅದು ನೀರಿನಲ್ಲೇ ಬದುಕುವ, ಮರಿಗೆ ಹಾಲೂಡುವ ಸಸ್ತನಿ. ನಮ್ಮ ದೇಶದ ಮನ್ನಾರ್ ಕೊಲ್ಲಿಯಲ್ಲಿಯೂ ಪಾಕ್ ಕೊಲ್ಲಿಯಲ್ಲಿಯೂ ಇರುವ ಕಡಲಹಸು, ಅಂದರೆ ಡುಗಾಂಗ್, ಇದರ ಬಂಧು. ಇಂದು ಬದುಕಿರುವ ನೆಲದ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದ ಸಂಬಂಧಿ ಆನೆ. ಆನೆಯ ಕಾಲಿನಲ್ಲಿರುವಂಥ ಉಗುರುಗಳು ಇದರ ಈಜುಗೈಗಳ ತುದಿಯಲ್ಲೂ ಇವೆ. ಬೆಳೆದ ಮ್ಯಾನಟಿ ಸುಮಾರು 3 ಮೀಟರ್ ಉದ್ದ, 450 ಕಿಲೋಗ್ರಾಂ ತೂಕ ಇರುತ್ತದೆ. ಇನ್ನೂ ದೊಡ್ಡವೂ ಉಂಟು. ನೀರಿನ ಹುಲ್ಲೇ ಅದರ ಆಹಾರ. ಕೋರೆಹಲ್ಲಿಲ್ಲ, ಪಂಜವಿಲ್ಲ, ಕೊಂಬಿಲ್ಲ. ಯಾರಾದರೂ ಕಾಟ ಕೊಟ್ಟರೆ ತಿರುಗಿ ಬೀಳುವುದು ಅದಕ್ಕೆ ಗೊತ್ತಿಲ್ಲ. ಅದು ಮಾಡುವುದು ಒಂದೇ, ಸ್ಥಳ ಬಿಟ್ಟು ಹೋಗುವುದು.

ಈ 'ಸ್ಥಳ ಬಿಟ್ಟು ಹೋಗುವುದು' ಎಂಬ ಮಾತನ್ನು ದಯವಿಟ್ಟು ನೆನಪಿಡಿ. ನಮ್ಮ ಪ್ರಶ್ನೆಯ ಗಂಟು ಅಲ್ಲಿದೆ.

ಅಷ್ಟು ದೊಡ್ಡ ದೇಹವಿದ್ದರೂ ತಿಮಿಂಗಿಲಕ್ಕಿರುವಂಥ ದಪ್ಪನೆಯ ಕೊಬ್ಬಿನ ಹೊದಿಕೆಯನ್ನು ಸೃಷ್ಟಿಕರ್ತನು ಮ್ಯಾನಟಿಗೆ ಕೊಟ್ಟಿಲ್ಲ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಕೆಲವು ದಿನ ಹಾಗೆಯೇ ಇದ್ದರೆ ಅದು ಕಾಯಿಲೆ ಬೀಳುತ್ತದೆ, ಸಾಯಲೂಬಹುದು. ಕೊಬ್ಬಿನ ಬದಲು ಅವನು ಅದಕ್ಕೆ ಬೇರೊಂದು ಏರ್ಪಾಡು ಮಾಡಿದ್ದಾನೆ. ಫ್ಲಾರಿಡಾದ ನೆಲದ ಅಡಿಯಲ್ಲಿ ಸುಣ್ಣಕಲ್ಲಿನ ಪದರವಿದೆ. ಅದರ ಬಿರುಕುಗಳಿಂದ ಸಿಹಿನೀರಿನ ಬುಗ್ಗೆಗಳು ಉಕ್ಕುತ್ತವೆ. ಬೇಸಗೆ ಇರಲಿ, ಚಳಿಗಾಲ ಇರಲಿ, ಆ ನೀರು ವರ್ಷವಿಡೀ ಸುಮಾರು 22 ಡಿಗ್ರಿ ಇರುತ್ತದೆ. ಟ್ಯಾಂಪಾದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯಲ್ಲಿ ಸಿಟ್ರಸ್ ಎಂಬ ಜಿಲ್ಲೆಯಿದೆ. ಅಲ್ಲಿನ ಕ್ರಿಸ್ಟಲ್ ರಿವರ್ ಊರಿನ ಕಿಂಗ್ಸ್ ಬೇ ಎಂಬ ಕೊಲ್ಲಿಯಲ್ಲಿ ಇಂಥ ಬುಗ್ಗೆಗಳು 70ಕ್ಕೂ ಹೆಚ್ಚು. ಸಮುದ್ರ ತಣ್ಣಗಾದಾಗ ನೂರಾರು ಮ್ಯಾನಟಿಗಳು ಅಲ್ಲಿಗೆ ಬಂದು ಸೇರುತ್ತವೆ. ನವೆಂಬರ್ 15ರಿಂದ ಮಾರ್ಚ್ 31ರವರೆಗೆ ಅಲ್ಲಿ ಮ್ಯಾನಟಿಗಳ ಕಾಲ.

ತಾಯಿ ಮ್ಯಾನಟಿ ಸುಮಾರು ಒಂದು ವರ್ಷ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಎರಡರಿಂದ ಐದು ವರ್ಷಕ್ಕೊಂದು ಮರಿ, ಅಷ್ಟೇ. ಆ ಮರಿ ಎರಡು ವರ್ಷದವರೆಗೂ ತಾಯಿಯ ಮಗ್ಗುಲು ಬಿಡುವುದಿಲ್ಲ. ಯಾವ ಕಾಲದಲ್ಲಿ ಎಲ್ಲಿ ಹುಲ್ಲು ಸಿಗುತ್ತದೆ, ಚಳಿ ಬಂದಾಗ ಯಾವ ದಾರಿಯಲ್ಲಿ ಹೋದರೆ ಬೆಚ್ಚನೆಯ ಬುಗ್ಗೆ ಸಿಗುತ್ತದೆ ಎಂಬುದನ್ನು ಅದು ತಾಯಿಯಿಂದಲೇ ಕಲಿಯುತ್ತದೆ. ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥದ ಮಾತು ಪವಿತ್ರ ಕುರ್‌ಆನಿನ ಅಲ್‌ಅನ್‌ಆಮ್ ಅಧ್ಯಾಯದಲ್ಲಿದೆ. ನಾವು ಅದನ್ನು ಓದುತ್ತೇವೆ, ಮುಂದಕ್ಕೆ ಹೋಗುತ್ತೇವೆ. ದಾರಿ ಕಲಿಸುವ ಈ ತಾಯಿಯ ವಿಷಯ ತಿಳಿದಾಗ ನನಗೆ ಆ ಆಯತ್ತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು.

ಇನ್ನು ಈಜುವ ವಿಷಯಕ್ಕೆ ಬರೋಣ. ಮ್ಯಾನಟಿಗಳಿಗೆ ಕಿರುಕುಳ ಕೊಡುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಕಡಲ ಸಸ್ತನಿಗಳ ರಕ್ಷಣೆಗೆ 1972ರಲ್ಲಿ, ಅಳಿವಿನ ಅಂಚಿನ ಜೀವಿಗಳ ರಕ್ಷಣೆಗೆ 1973ರಲ್ಲಿ ಅಲ್ಲಿ ಕಾನೂನುಗಳಾದವು. ಫ್ಲಾರಿಡಾ ರಾಜ್ಯವು 1978ರಲ್ಲಿ ಮ್ಯಾನಟಿಗಳಿಗೆಂದೇ ಇನ್ನೊಂದು ಕಾನೂನು ಮಾಡಿತು. 1983ರಲ್ಲಿ ಕ್ರಿಸ್ಟಲ್ ರಿವರ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣ ಸ್ಥಾಪನೆಯಾಯಿತು. ಹೀಗಿದ್ದರೂ ಅಲ್ಲಿ ಜನ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ನೀರಿಗಿಳಿದು ಕಾಡು ಮ್ಯಾನಟಿಗಳನ್ನು ಹತ್ತಿರದಿಂದ ನೋಡಬಹುದು. ಬುಗ್ಗೆಗಳ ಸುತ್ತ ಹಗ್ಗ ಮತ್ತು ತೇಲುಗುರುತು ಹಾಕಿದ ಭಾಗಗಳಿವೆ. ಅವುಗಳೊಳಗೆ ಮನುಷ್ಯರಿಗೆ ಪ್ರವೇಶವಿಲ್ಲ. ಉಳಿದ ಕಡೆಯಲ್ಲೂ ನಿಯಮಗಳಿವೆ. ಬೆನ್ನಟ್ಟಬಾರದು, ಸುತ್ತುವರಿಯಬಾರದು, ಮಲಗಿರುವುದನ್ನು ಎಬ್ಬಿಸಬಾರದು, ತಾಯಿ ಮತ್ತು ಮರಿಯ ನಡುವೆ ಹೋಗಬಾರದು, ತಿನ್ನಲು ಕೊಡಬಾರದು. ಸುಮ್ಮನೆ ತೇಲುತ್ತ ನೋಡಬೇಕು. ಅದಾಗಿಯೇ ಹತ್ತಿರ ಬಂದರೆ ಬರಲಿ, ನಾವಾಗಿ ಹೋಗಬಾರದು.

ನಿಯಮಗಳು ಒಳ್ಳೆಯವೇ. ಆದರೆ ಮನುಷ್ಯನ ಮನಸ್ಸು ನಿಮಗೆ ಗೊತ್ತಲ್ಲ? ಹಣ ಕೊಟ್ಟಿದ್ದಾನೆ, ದೂರದಿಂದ ಬಂದಿದ್ದಾನೆ, ಕೈಯಲ್ಲಿ ಕ್ಯಾಮೆರಾ ಇದೆ, ಮೇಲಾಗಿ ಇಂದು ಮಗಳ ಹುಟ್ಟಿದ ದಿನ. ನಾಲ್ಕು ಅಡಿ ದೂರದಲ್ಲಿ ಮರಿಯೊಂದು ಮಲಗಿದೆ. 'ಇನ್ನೊಂದು ಅಡಿ ಮುಂದೆ ಹೋದರೆ ಏನಾಗುತ್ತದೆ?' ಎಂದು ಅವನ ಮನಸ್ಸು ಕೇಳುತ್ತದೆ. ಅವನೊಬ್ಬ ಒಂದು ಅಡಿ ಮುಂದೆ ಹೋದರೆ ಹೆಚ್ಚೇನೂ ಆಗಲಿಕ್ಕಿಲ್ಲ. ಆದರೆ ಬೆಳಗಿನಿಂದ ಹೀಗೆ ಯೋಚಿಸಿದವರಲ್ಲಿ ಅವನು ಎಷ್ಟನೆಯವನು? ಆ ತಾಯಿ ಹತ್ತು ಸಲ ಎಚ್ಚರಗೊಂಡು ಹನ್ನೊಂದನೆಯ ಸಲ ಸ್ಥಳ ಬಿಟ್ಟು ಹೊರಟರೆ, ಅದು ಹೋಗುವುದು ಹೊರಗಿನ ತಣ್ಣೀರಿಗೆ. ಮರಿಯೂ ಹಿಂದಿನಿಂದ ಹೋಗುತ್ತದೆ. ನೋಡಲು ಬಂದವನು ಅಷ್ಟರಲ್ಲಿ ದೋಣಿ ಹತ್ತಿ ಬಿಸಿ ಚಹಾ ಕುಡಿಯುತ್ತಿರುತ್ತಾನೆ. ತಾನು ಯಾರನ್ನಾದರೂ ಚಳಿಗೆ ತಳ್ಳಿದೆ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ.

ಪ್ರವಾದಿ ಸುಲೈಮಾನ್(ಅ)ರ ಸೈನ್ಯ ಇರುವೆಗಳ ಕಣಿವೆಗೆ ಬಂದ ಪ್ರಸಂಗ ನಿಮಗೆಲ್ಲ ತಿಳಿದಿದೆ. ನಿಮ್ಮ ಗೂಡುಗಳೊಳಗೆ ಹೋಗಿರಿ, ಈ ಸೈನ್ಯ ನಿಮ್ಮನ್ನು ತುಳಿದುಬಿಟ್ಟೀತು ಎಂದು ಒಂದು ಇರುವೆ ತನ್ನವರನ್ನು ಎಚ್ಚರಿಸಿತು. ಮದ್ರಸಾದಲ್ಲಿ ಈ ಪಾಠ ಓದುವಾಗ ನಮ್ಮ ಉಸ್ತಾದರು ಒಂದು ಮಾತಿನ ಮೇಲೆ ಬೆರಳಿಟ್ಟು ನಿಲ್ಲಿಸಿದ್ದರು. ಇರುವೆಯು ಸೈನ್ಯವನ್ನು ದೂರಲಿಲ್ಲ. ಅವರಿಗೆ ಅರಿವಾಗದೆಯೇ ಹೀಗೆ ಆಗಬಹುದು ಎಂದಷ್ಟೇ ಹೇಳಿತು. ಬಲಶಾಲಿಯ ಹೆಜ್ಜೆಯ ಅಡಿಯಲ್ಲಿ ದುರ್ಬಲರು ಸಾಯಲು ಬಲಶಾಲಿ ಕೆಟ್ಟವನಾಗಿರಬೇಕೆಂದಿಲ್ಲ, ಅರಿವಿಲ್ಲದವನಾಗಿದ್ದರೆ ಸಾಕು. ಇರುವೆಯ ಮಾತು ಕೇಳಿದ ಸುಲೈಮಾನ್(ಅ) ಮುಗುಳ್ನಕ್ಕರು. ತನಗೂ ತನ್ನ ತಂದೆ ತಾಯಿಗೂ ದೊರೆತ ಅನುಗ್ರಹಕ್ಕೆ ಕೃತಜ್ಞನಾಗುವಂತೆ ಮಾಡು ಎಂದು ತನ್ನ ಪ್ರಭುವಿನಲ್ಲಿ ಪ್ರಾರ್ಥಿಸಿದರು. ಹುಟ್ಟಿದ ದಿನದಂದು ನೆನೆಯಬೇಕಾದ ಮಾತು ಇದಕ್ಕಿಂತ ಬೇರೆ ಯಾವುದಿದೆ?

ಮ್ಯಾನಟಿಗಳ ಬೆನ್ನ ಮೇಲೆ ಈ 'ಅರಿವಿಲ್ಲದೆ' ಎಂಬ ಮಾತು ಗಾಯದ ಗೆರೆಗಳಾಗಿ ಕೆತ್ತಿದಂತಿದೆ. ಅವು ಉಸಿರಾಡಲು ಕೆಲವು ನಿಮಿಷಗಳಿಗೊಮ್ಮೆ ನೀರಿನ ಮೇಲ್ಮೈಗೆ ಬರಲೇಬೇಕು. ನಿಧಾನವಾಗಿ ಚಲಿಸುವ ಪ್ರಾಣಿಗಳು. ವೇಗವಾಗಿ ಬರುವ ಮೋಟಾರು ದೋಣಿ ಬಡಿಯುತ್ತದೆ, ಅದರ ಚಕ್ರದ ಅಲಗುಗಳು ಬೆನ್ನನ್ನು ಸಾಲುಸಾಲಾಗಿ ಸೀಳುತ್ತವೆ. ಸಂಶೋಧಕರು ಒಂದು ಮ್ಯಾನಟಿಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವುದೇ ಈ ಗಾಯದ ಗುರುತುಗಳಿಂದ. ಇದಕ್ಕಿಂತ ಹೆಚ್ಚು ನೋವಿನ ಮಾತೊಂದಿದೆ. 2021ರ ಜನವರಿಯಲ್ಲಿ ಇದೇ ಸಿಟ್ರಸ್ ಜಿಲ್ಲೆಯ ಹೊಮೊಸಾಸಾ ನದಿಯಲ್ಲಿ ಒಂದು ಮ್ಯಾನಟಿಯ ಬೆನ್ನಿನ ಪಾಚಿಯನ್ನು ಕೆರೆದು ಯಾರೋ ಆಗಿನ ರಾಷ್ಟ್ರಾಧ್ಯಕ್ಷರ ಹೆಸರನ್ನು ಬರೆದಿದ್ದರು. ಇದು ಅರಿವಿಲ್ಲದೆ ಆದುದಲ್ಲ. ಜೀವವಿರುವ ಬೆನ್ನನ್ನು ಗೋಡೆಯೆಂದು ತಿಳಿದವನ ಕೆಲಸ.

ಹಾಗಾದರೆ ಯಾರೂ ಅಲ್ಲಿಗೆ ಹೋಗಲೇಬಾರದೇ? ಇಲ್ಲಿ ನಾನು ಆತುರಪಡುವುದಿಲ್ಲ. ಒಮ್ಮೆ ಆತುರಪಟ್ಟು ಕಲಿತಿದ್ದೇನೆ. ಇನ್ನೊಂದು ಪಕ್ಷದ ಮಾತನ್ನೂ ಕೇಳೋಣ.

ಕಿಂಗ್ಸ್ ಬೇಯಲ್ಲಿ ತ್ರೀ ಸಿಸ್ಟರ್ಸ್ ಎಂಬ ಮೂರು ಬುಗ್ಗೆಗಳಿವೆ. ಅವುಗಳ ಸುತ್ತಲ ಜಮೀನಿನಲ್ಲಿ ಒಂದು ಕಾಲಕ್ಕೆ ಮನೆಗಳನ್ನು ಕಟ್ಟುವ ಯೋಜನೆಯಿತ್ತು. 2010ರಲ್ಲಿ ಸರ್ಕಾರದ ಹಣ ಮತ್ತು ಜನರ ದೇಣಿಗೆ ಸೇರಿಸಿ ಆ 57 ಎಕರೆಯನ್ನು ಕೊಂಡು ಉಳಿಸಿದರು. ಮ್ಯಾನಟಿಯನ್ನು ಯಾರೂ ನೋಡಿರದಿದ್ದರೆ, ನೋಡಿ ಪ್ರೀತಿಸಿರದಿದ್ದರೆ, ಯಾರು ಹಣ ಕೊಡುತ್ತಿದ್ದರು? ಕಾಣದ ಜೀವಿಗಾಗಿ ಮರುಗುವವರು ಕಡಿಮೆ. ಇದೇ ಬಂಧುವರ್ಗದ ಸ್ಟೆಲ್ಲರ್ ಕಡಲಹಸು ಎಂಬ ಭಾರೀ ಜೀವಿ ಉತ್ತರದ ಬೇರಿಂಗ್ ಸಮುದ್ರದಲ್ಲಿತ್ತು. ವಿಜ್ಞಾನಿಗಳು ಅದನ್ನು ಕಂಡದ್ದು 1741ರಲ್ಲಿ. ಬೇಟೆಯ ಕಾರಣದಿಂದ 1768ರ ಹೊತ್ತಿಗೆ ಅದು ಮುಗಿದೇಹೋಯಿತು. 27 ವರ್ಷ, ಅಷ್ಟೇ. ಅದನ್ನು ಕಂಡವರು ಮಾಂಸವೆಂದು ಕಂಡರು, ಜೀವವೆಂದು ಕಾಣಲಿಲ್ಲ. ಆದ್ದರಿಂದ ಪ್ರೀತಿಯಿಂದ ನೋಡಲು ಹೋಗುವವರನ್ನು ಬೇಟೆಗಾರರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಹೀಗೆ ಒಂದು ಕಡೆ ಪ್ರೀತಿ ಹುಟ್ಟಿಸುವ ಭೇಟಿ, ಇನ್ನೊಂದು ಕಡೆ ನಿದ್ದೆ ಕೆಡಿಸುವ ಭೇಟಿ. ಭೇಟಿ ಒಂದೇ. ಎರಡನ್ನೂ ಬೇರ್ಪಡಿಸುವುದು ಯಾವುದು?

ಅದಕ್ಕೆ ಉತ್ತರ ನಮಗೆ ಚಿಕ್ಕಂದಿನಿಂದಲೇ ಗೊತ್ತಿರುವ ಒಂದು ಪಾಠದಲ್ಲಿದೆ ಎಂದು ನನಗೆ ಅನಿಸುತ್ತದೆ. ಅನ್ನೂರ್ ಅಧ್ಯಾಯದಲ್ಲಿ ಅಲ್ಲಾಹನು ಇತರರ ಮನೆಯನ್ನು ಪ್ರವೇಶಿಸುವ ಕ್ರಮವನ್ನು ಕಲಿಸಿದ್ದಾನೆ. ಅನುಮತಿ ಕೇಳದೆ, ಸಲಾಮ್ ಹೇಳದೆ ಒಳಹೋಗಬಾರದು. ಒಳಗೆ ಯಾರೂ ಕಾಣದಿದ್ದರೂ ಅನುಮತಿ ಸಿಗುವವರೆಗೆ ಹೋಗಬಾರದು. ಹಿಂದಿರುಗಿ ಎಂದು ಹೇಳಿದರೆ ಹಿಂದಿರುಗಬೇಕು, ಅದೇ ಹೆಚ್ಚು ಪರಿಶುದ್ಧವಾದ ನಡತೆ. ಮೂರು ಸಲ ಅನುಮತಿ ಕೇಳಿಯೂ ಉತ್ತರ ಬರದಿದ್ದರೆ ಮರಳಿ ಹೋಗಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು.

ಈ ಆಯತ್ತುಗಳು ಮನುಷ್ಯರ ಮನೆಗಳ ವಿಷಯದಲ್ಲಿ ಬಂದಿವೆ, ಪ್ರಾಣಿಗಳ ಬಿಡಾರದ ವಿಷಯದಲ್ಲಲ್ಲ. ಇದನ್ನು ಬಲ್ಲೆ. ನಾನು ಇದರಿಂದ ಹೊಸ ವಿಧಿಯನ್ನು ಹೊರಡಿಸುತ್ತಿಲ್ಲ. ಆದರೆ ನಡತೆಯ ಪಾಠ ಹೊಸ್ತಿಲಲ್ಲೇ ನಿಂತುಬಿಡುವುದಿಲ್ಲವಲ್ಲ? ಬಾಗಿಲು ಬಡಿದು ಉತ್ತರ ಬಾರದಿದ್ದಾಗ ತಾಳ್ಮೆಯಿಂದ ಮರಳುವ ಮನುಷ್ಯ ಬುಗ್ಗೆಯ ಬಳಿಯೂ ಅದೇ ಮನುಷ್ಯನಾಗಿರಬೇಕು. ಎಚ್ಚರವಿದ್ದು ತಾನಾಗಿ ಕುತೂಹಲದಿಂದ ಹತ್ತಿರ ಬಂದ ಮ್ಯಾನಟಿ ನಿಮಗೆ ಒಂದು ಬಗೆಯ ಅನುಮತಿ ಕೊಟ್ಟಿದೆ ಎನ್ನೋಣ. ಕಣ್ಣು ಮುಚ್ಚಿ ತಳದಲ್ಲಿ ಮಲಗಿದ್ದು ಉತ್ತರಿಸಿಲ್ಲ. ತಿರುಗಿ ದೂರ ಹೋದದ್ದು ಹಿಂದಿರುಗಿ ಎಂದು ಹೇಳಿದೆ. ಹಗ್ಗ ಕಟ್ಟಿದ ಜಾಗವಂತೂ ಚಿಲಕ ಹಾಕಿದ ಬಾಗಿಲು.

ಮಕ್ಕಾ ವಿಜಯಕ್ಕೆ ಪ್ರವಾದಿವರ್ಯರ(ಸ) ಸೈನ್ಯ ಹೊರಟ ದಿನಗಳದೊಂದು ಘಟನೆಯನ್ನು ಇತಿಹಾಸಕಾರ ಅಲ್‌ವಾಕಿದಿ ದಾಖಲಿಸಿದ್ದಾರೆ. ದಾರಿಯಲ್ಲಿ ಒಂದು ನಾಯಿ ತನ್ನ ಮರಿಗಳಿಗೆ ಹಾಲೂಡುತ್ತ ಮಲಗಿತ್ತು. ಹತ್ತು ಸಾವಿರ ಜನರ ಸೈನ್ಯ ಆ ದಾರಿಯಲ್ಲಿ ಹಾದುಹೋಗಬೇಕು. ಪ್ರವಾದಿವರ್ಯರು(ಸ) ಒಬ್ಬ ಸಂಗಾತಿಯನ್ನು ಅಲ್ಲಿ ಕಾವಲು ನಿಲ್ಲಿಸಿ, ಸೈನ್ಯದ ಯಾರೂ ತಾಯಿಗೂ ಮರಿಗಳಿಗೂ ತೊಂದರೆ ಕೊಡದಂತೆ ನೋಡಿಕೊಳ್ಳಲು ಹೇಳಿದರು. ಯೋಚಿಸಿ. ಹುಟ್ಟಿದ ಊರಿನಿಂದ ಹೊರಹಾಕಲ್ಪಟ್ಟವರು ವಿಜಯಿಗಳಾಗಿ ಅದೇ ಊರಿಗೆ ಮರಳುವ ದಿನ. ಅಂಥ ದೊಡ್ಡ ದಿನದಲ್ಲಿ ಒಂದು ನಾಯಿಯ ನಿದ್ದೆಗೆ ಜಾಗವಿತ್ತು. ನಮ್ಮ ಮಗುವಿನ ಹುಟ್ಟಿದ ದಿನ ಅದಕ್ಕಿಂತ ದೊಡ್ಡ ದಿನವೇ? ಆ ಮ್ಯಾನಟಿಗೆ ನಮ್ಮ ಹುಟ್ಟಿದ ದಿನ ಯಾವುದೆಂದು ಗೊತ್ತಿಲ್ಲ. ಇಂದು ಚಳಿಯಿದೆ ಎಂಬುದು ಮಾತ್ರ ಅದಕ್ಕೆ ಗೊತ್ತು.

ಇಷ್ಟನ್ನೆಲ್ಲ ಬರೆದು ಸೋದರ ಸೊಸೆಗೆ ಕಳುಹಿಸೋಣವೆಂದು ಕುಳಿತಾಗ ನನ್ನದೇ ಒಂದು ನೆನಪು ಕೈ ಹಿಡಿಯಿತು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಶಾಲೆಯ ಹುಡುಗರನ್ನು ಶಿವಮೊಗ್ಗದ ಬಳಿಯ ಮಂಡಗದ್ದೆಗೆ ಕರೆದೊಯ್ದಿದ್ದೆ. ತುಂಗಾ ನದಿಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದಲ್ಲಿ ನಿಂತ ಹುಡುಗರು ಹಕ್ಕಿಗಳು ಒಟ್ಟಿಗೆ ಹಾರುವುದನ್ನು ನೋಡಬೇಕೆಂದು ಚಪ್ಪಾಳೆ ತಟ್ಟಿ ಕೂಗಿದರು. ನೂರಾರು ಹಕ್ಕಿಗಳು ಭರ್ರನೆ ಎದ್ದವು. ಬಹಳ ಸುಂದರವಾಗಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಹುಡುಗರ ಮಾಸ್ತರನೂ ಇದ್ದ. ಎದ್ದು ಹೋದ ತಾಯಿಹಕ್ಕಿಗಳ ಗೂಡುಗಳಲ್ಲಿ ಮೊಟ್ಟೆಗಳು ಮಳೆಗೂ ಕಾಗೆಗಳಿಗೂ ತೆರೆದುಕೊಂಡಿದ್ದವು ಎಂಬ ಯೋಚನೆ ಅಂದು ನನಗೆ ಬರಲಿಲ್ಲ. ಹನ್ನೆರಡರ ಹುಡುಗಿಗೆ ಬಂದ ಯೋಚನೆ ಮೂವತ್ತು ದಾಟಿದ ನನಗೆ ಬರಲಿಲ್ಲ. ಫ್ಲಾರಿಡಾದ ಪ್ರವಾಸಿಗೆ ಬುದ್ಧಿ ಹೇಳುವ ಮೊದಲು ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದು ನನ್ನ ಮೇಲಿನ ಸಾಲ.

ಕೊನೆಗೆ ಅವಳಿಗೆ ಫೋನು ಮಾಡಿ ಮೊದಲು ಕ್ಷಮೆ ಕೇಳಿದೆ. ಆಮೇಲೆ ಹೇಳಿದೆ: "ಹೋಗಬೇಡ ಎಂದು ನಾನು ಹೇಳುವುದಿಲ್ಲ ಮಗಳೇ. ಅತಿಥಿಯಾಗಿ ಹೋಗು. ಮಲಗಿದ್ದರೆ ಬಿಡು, ದೂರ ಹೋದರೆ ಹಿಂದೆ ಹೋಗಬೇಡ. ಬೇರೆಯವರು ಮುಟ್ಟಿದರು ಅಂತ ನೀನು ಮುಟ್ಟಬೇಡ. ಬಾಗಿಲು ಮುಚ್ಚಿದ್ದರೆ ಅಳದೆ ವಾಪಸು ಬರಲು ಆಗುತ್ತದಾ ನಿನ್ನಿಂದ? ಆಗುತ್ತದೆ ಅಂತಿದ್ದರೆ ಹೋಗು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಕಷ್ಟ ಮಾಮೂ" ಎಂದಳು. ಅವಳ ಪ್ರಾಮಾಣಿಕತೆಯನ್ನು ಮೆಚ್ಚಿದೆ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆ. ಪ್ರೀತಿಯಿದ್ದರೆ ನೋಡುವುದಕ್ಕಷ್ಟೇ ನಿಲ್ಲಬಾರದು. 2021ರಲ್ಲಿ ಫ್ಲಾರಿಡಾದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟಿಗಳು ಸತ್ತವು. ಅವುಗಳಲ್ಲಿ ಬಹಳಷ್ಟು ಸತ್ತದ್ದು ಹಸಿವಿನಿಂದ. ಪೂರ್ವ ಕರಾವಳಿಯ ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿಗೆ ಹೊಲ ತೋಟಗಳ ರಸಗೊಬ್ಬರ, ಮನೆಗಳ ಕೊಳಚೆ ವರ್ಷಗಟ್ಟಲೆ ಹರಿದು ಬಂತು. ಅದರಿಂದ ಪಾಚಿ ಹಬ್ಬಿ ಬಿಸಿಲು ತಳ ಮುಟ್ಟದಂತಾಯಿತು. ತಳದ ಹುಲ್ಲು ಸತ್ತಿತು, ಹುಲ್ಲು ತಿನ್ನುವ ಪ್ರಾಣಿ ಸೊರಗಿ ಸತ್ತಿತು. ಮುಂದಿನ ಚಳಿಗಾಲದಲ್ಲಿ ಅಧಿಕಾರಿಗಳು ಸುಮಾರು 90 ಟನ್ ಲೆಟ್ಯೂಸ್ ಸೊಪ್ಪನ್ನು ನೀರಿಗೆ ಸುರಿದು ಅವುಗಳನ್ನು ಉಳಿಸಲು ಯತ್ನಿಸಿದರು. ತಮ್ಮ ಹೂದೋಟಕ್ಕೆ ಗೊಬ್ಬರ ಹಾಕಿದವರಲ್ಲಿ ಎಷ್ಟು ಮಂದಿ ಮ್ಯಾನಟಿಯನ್ನು ದ್ವೇಷಿಸುತ್ತಿದ್ದರು? ಬಹುಶಃ ಯಾರೂ ಇಲ್ಲ. ಮತ್ತೆ ಅದೇ ಮಾತು, ಅರಿವಿಲ್ಲದೆ.

ಕಿಂಗ್ಸ್ ಬೇಯಲ್ಲಿಯೂ ಇದೇ ರೀತಿ ಪಾಚಿ ಹಬ್ಬಿತ್ತು. ಅಲ್ಲಿನ ಜನ ಹಾಗೆಯೇ ಬಿಡಲಿಲ್ಲ. ತಳದ ಕೆಸರನ್ನೂ ಪಾಚಿಯನ್ನೂ ಹೀರಿ ತೆಗೆಸಿ, ನೀರಿನಡಿಯಲ್ಲಿ ಹುಲ್ಲಿನ ಸಸಿಗಳನ್ನು ಕೈಯಿಂದ ನೆಡಿಸಿದರು. ಆ ಹುಲ್ಲು ಹಬ್ಬಿತು, ಮ್ಯಾನಟಿಗಳು ಮೇಯತೊಡಗಿದವು. ಒಬ್ಬನು ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನಿಗೆ ದಾನವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನೀರಿನಡಿಯ ಹುಲ್ಲು ಈ ಮಾತಿನ ಹೊರಗಿದೆ ಎಂದು ನನಗೆ ಅನಿಸುವುದಿಲ್ಲ. ಹುಟ್ಟಿದ ದಿನಕ್ಕೆ ಒಬ್ಬರು ಒಂದು ಜೀವಿಯ ಬೆನ್ನು ಸವರುವ ಸಂತೋಷವನ್ನು ಕೊಡಬಹುದು, ಇನ್ನೊಬ್ಬರು ಅದು ತಿನ್ನುವ ಹುಲ್ಲಿನ ಒಂದು ಬುಡವನ್ನು ಕೊಡಬಹುದು. ಎರಡನೆಯದು ಫೋಟೋದಲ್ಲಿ ಬರುವುದಿಲ್ಲ.

ಈಗ ನಡೆದುದನ್ನು ಹೇಳುತ್ತೇನೆ. ಜನವರಿಯಲ್ಲಿ ಅವರು ಹೋದರು. ಬೆಳಗಿನ ಕತ್ತಲಲ್ಲೇ ಮನೆಯಿಂದ ಹೊರಟಿದ್ದರು. ಮೈಪೂರ್ತಿ ಮುಚ್ಚುವ ರಬ್ಬರಿನ ಈಜುಡುಗೆಯನ್ನು ಆಪಾ ಮೊದಲೇ ಬಾಡಿಗೆಗೆ ಗೊತ್ತುಮಾಡಿದ್ದಳು. ಆದರೆ ಆ ವಾರ ಚಳಿ ಹೆಚ್ಚಾಗಿತ್ತು. ಸಮುದ್ರ ಬಹಳ ತಣ್ಣಗಾಗಿ ಮ್ಯಾನಟಿಗಳು ಒತ್ತೊತ್ತಾಗಿ ಬಂದು ಸೇರಿದ ದಿನಗಳಲ್ಲಿ ತ್ರೀ ಸಿಸ್ಟರ್ಸ್ ಬುಗ್ಗೆಗಳಿಗೆ ಈಜುಗಾರರನ್ನು ಬಿಡುವುದಿಲ್ಲ. ಅಂದು ಬುಗ್ಗೆಗಳ ಬಾಯಿಗೆ ಹಗ್ಗ ಕಟ್ಟಿತ್ತು.

ಭಾವನಿಗೆ ಬೇಸರವಾಯಿತಂತೆ. ಹೊರಗಿನ ಕೊಲ್ಲಿಯಲ್ಲಿ ಹಗ್ಗದಾಚೆ ಈಜಲು ಅವಕಾಶವಿದೆ, ಅಲ್ಲಿಗಾದರೂ ಇಳಿಯೋಣ ಎಂದರಂತೆ. ಅದು ನಿಯಮಕ್ಕೆ ವಿರುದ್ಧವೂ ಅಲ್ಲ. ಮಗಳು, "ಅಬ್ಬಾ, ಅವು ಒಳಗೆ ಹೋಗುವ ದಾರಿ ಅದೇ ಅಲ್ವಾ?" ಎಂದು ಕೇಳಿದಳಂತೆ. ಆಮೇಲೆ ಮೂವರೂ ದಡದ ಮೇಲೆ ಬುಗ್ಗೆಗಳ ಸುತ್ತ ಹಾಕಿರುವ ಮರದ ಹಲಗೆಯ ಕಾಲುದಾರಿಗೆ ಹೋದರು. ನೋಡುವವರು ಅಲ್ಲಿ ನಡೆದಾಡಿ ನೋಡಬಹುದು. ನೀರು ಗಾಜಿನಂತೆ ತಿಳಿಯಾದುದರಿಂದ ತಳ ಕಾಣುತ್ತದೆ.

ಸಂಜೆ ಅವಳ ಫೋನು ಬಂತು. "ಮಾಮೂ, ಎಣಿಸೋಕೆ ಹೋದೆ, ಆಗಲಿಲ್ಲ. ಅಷ್ಟು ಇದ್ದವು. ಒಂದರ ಪಕ್ಕ ಒಂದು ಮಲಗಿದ್ದವು. ಒಂದು ಮರಿ ಮಾತ್ರ ಉಸಿರಿಗೆ ಮೇಲೆ ಬಂತು, ಆಮೇಲೆ ಇಳಿದು ಮತ್ತೆ ಅಮ್ಮನ ಹತ್ತಿರವೇ ಹೋಗಿ ಮಲಗಿತು."

"ನೀರಿಗೆ ಇಳಿಯಲಿಲ್ಲ ಅಂತ ಬೇಜಾರಾಯಿತಾ?" ಎಂದು ಕೇಳಿದೆ.

"ಆಯಿತು" ಎಂದಳು. ಸ್ವಲ್ಪ ತಡೆದು, "ಆದರೆ ನಾವು ಬಂದದ್ದು ಅವಕ್ಕೆ ಗೊತ್ತೇ ಆಗಲಿಲ್ಲ ಮಾಮೂ" ಎಂದಳು. ಅದನ್ನು ಹೇಳುವಾಗ ಅವಳ ಧ್ವನಿಯಲ್ಲಿ ಸಂತೋಷವಿತ್ತು.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ಫ್ಲಾರಿಡಾಕ್ಕೆ ಹೋಗುವವರಲ್ಲ. ಆದರೆ ಗೂಡಿನ ಹಕ್ಕಿ, ದಾರಿಬದಿಯಲ್ಲಿ ಮರಿ ಹಾಕಿದ ನಾಯಿ, ಘಾಟಿಯ ತಿರುವಿನಲ್ಲಿ ಕುಳಿತ ಕೋತಿ ನಮ್ಮ ಹತ್ತಿರವೇ ಇವೆ. ನಮ್ಮ ಮಕ್ಕಳು ಅವುಗಳನ್ನು ನೋಡಲಿ, ಪ್ರೀತಿಸಲಿ. ಪ್ರೀತಿಸುವುದರ ಜೊತೆಗೆ ಬಾಗಿಲ ಬಳಿ ನಿಲ್ಲುವುದನ್ನೂ ಉತ್ತರ ಬಾರದಿದ್ದರೆ ಮರಳುವುದನ್ನೂ ನಾವು ಅವರಿಗೆ ಕಲಿಸೋಣ. ಮಕ್ಕಳು ಇಂಥ ಪ್ರಶ್ನೆ ತಂದಾಗ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ನಮಗಿರಲಿ. ನಾವು ಅರಿವಿಲ್ಲದೆ ತುಳಿದುದನ್ನು ಅಲ್ಲಾಹನು ಕ್ಷಮಿಸಲಿ, ಇನ್ನು ಮುಂದೆ ಅರಿತು ನಡೆಯುವ ತೌಫೀಕ್ ನೀಡಲಿ. ಆಮೀನ್.